ಅಪರಾಧದಿಂದ ಸಮಾಜಕ್ಕೆ ಉಪಯೋಗವುಂಟೇ?



ಕಳೆದ ವರ್ಷ ಜೂನ್ ತಿಂಗಳಲ್ಲಿ ಸಂತ ಅಂತೋಣಿಯವರ ಹಬ್ಬದ ನವದಿನ ಪ್ರಾರ್ಥನೆ ನಡೆಯುತ್ತಿತ್ತು. ಆರನೇ ದಿನ ಬೆಳಗಿನ ಜಾವ ದೇವಾಲಯದ ಬಾಗಿಲು ತೆರೆಯಲು ಹೋದ ಉಪದೇಶಿಯವರು ಓಡೋಡಿ ಬಂದು ನಮ್ಮ ಕೋಣೆಯ ಬಾಗಿಲು ತಟ್ಟಿದರು. ಸಂತರ ಸ್ವರೂಪದ ಮುಂದಿನ ಕಾಣಿಕೆ ಪೆಟ್ಟಿಗೆಯ ಬೀಗ ಒಡೆದಿತ್ತು. ಹಿಂದಿನ ಭಾನುವಾರವಷ್ಟೇ ಪೆಟ್ಟಿಗೆ ತೆಗೆದು ಎಣಿಸಿದ್ದರಿಂದ ಹೋದದ್ದು ಹೆಚ್ಚೆಂದರೆ 2000 ರೂಪಾಯಿ. ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತರ ಪೆಟ್ಟಿಗೆಯೇ ಕಳುವಾಯಿತಲ್ಲ ಎಂದು ನಾವು ಮೊದಲು ನಕ್ಕೆವು. ಆಮೇಲೆ ನಗಲು ಆಗಲಿಲ್ಲ.

ಅಂದು ಸಂಜೆ ಪಾಲನಾ ಪರಿಷತ್ತಿನ ಸಭೆ ಕರೆದೆವು. ಎಂದಿನಂತೆ ಏಳೆಂಟು ಮಂದಿ ಬರುತ್ತಾರೆಂದು ಕುರ್ಚಿ ಹಾಕಿಸಿದ್ದರೆ ಬಂದದ್ದು ಅರವತ್ತಕ್ಕೂ ಹೆಚ್ಚು ಜನ. ಪರಿಷತ್ತಿನ ಸದಸ್ಯರಲ್ಲದವರು ಮಳೆಯಲ್ಲಿ ಕೊಡೆ ಹಿಡಿದು ಜಗುಲಿಯಲ್ಲಿ ನಿಂತಿದ್ದರು. ಜಮೀನಿನ ಬೇಲಿಯ ಜಗಳದಿಂದ ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ದ ಎರಡು ಮನೆಗಳ ಯಜಮಾನರು ಒಂದೇ ಬೆಂಚಿನಲ್ಲಿ ಕುಳಿತು, ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗಿದರು. ಒಂದು ಗಂಟೆಯೊಳಗೆ ಕ್ಯಾಮೆರಾ ಹಾಕಿಸಲು ಹಣ ಸೇರಿತು, ಯುವಕರು ಸರದಿಯಂತೆ ರಾತ್ರಿ ಕಾವಲಿಗೆ ಹೆಸರು ಕೊಟ್ಟರು. ಹಬ್ಬದ ಖರ್ಚಿಗೆ ವಂತಿಗೆ ಕೇಳಿದಾಗ ಕೈ ಹಿಂದೆಗೆದವರೂ ಅಂದು ಧಾರಾಳಿಗಳಾದರು. ನಿಜ ಹೇಳಬೇಕೆಂದರೆ ನಮಗೆ ಒಳಗೊಳಗೇ ಸಂತೋಷವಾಯಿತು. ಒಗ್ಗಟ್ಟಿನ ಮೇಲೆ ನಾವು ಕೊಟ್ಟ ಹತ್ತು ಪ್ರಬೋಧನೆಗಳು ಮಾಡದ ಕೆಲಸವನ್ನು ಯಾರೋ ಕಳ್ಳ ಒಂದೇ ರಾತ್ರಿಯಲ್ಲಿ ಮಾಡಿ ಹೋಗಿದ್ದ.

ಸಭೆ ಮುಗಿಯುವ ಹೊತ್ತಿಗೆ ಒಂದು ಹೆಸರೂ ಹೊರಗೆ ಬಂತು. ಅದನ್ನು ಮುಂದೆ ಹೇಳುತ್ತೇವೆ.

ಆ ರಾತ್ರಿ ನಮಗೆ ಗುರುಮಠದಲ್ಲಿ ಓದಿದ್ದ ಒಬ್ಬ ಸಮಾಜಶಾಸ್ತ್ರಜ್ಞನ ನೆನಪಾಯಿತು. ಪಿಯುಸಿಯಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡ ನಿಮ್ಮ ಮಕ್ಕಳೂ ಆತನ ಹೆಸರನ್ನು ಕೇಳಿರುತ್ತಾರೆ: ಫ್ರಾನ್ಸಿನ ಎಮಿಲ್ ಡರ್ಖೀಮ್ (1858–1917). ತಂದೆ, ತಾತ, ಮುತ್ತಾತ ಎಲ್ಲರೂ ಯೆಹೂದಿ ರಬ್ಬಿಗಳು. ಈತ ಮಾತ್ರ ಆ ದಾರಿ ಹಿಡಿಯದೆ ಸಮಾಜವನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡ. 1893 ಮತ್ತು 1895ರಲ್ಲಿ ಬಂದ ತನ್ನ ಎರಡು ಪುಸ್ತಕಗಳಲ್ಲಿ ಈತ ಹೇಳಿದ ಮಾತು ಆ ಕಾಲದ ಸಭ್ಯರನ್ನು ಬೆಚ್ಚಿಬೀಳಿಸಿತು. ಅಪರಾಧವಿಲ್ಲದ ಸಮಾಜ ಎಲ್ಲಿಯೂ ಇಲ್ಲ. ಎಲ್ಲೆಡೆ, ಎಲ್ಲ ಕಾಲದಲ್ಲಿ ಇರುವ ಸಂಗತಿಯನ್ನು ರೋಗವೆಂದು ಕರೆಯಲಾಗದು. ಆದ್ದರಿಂದ ಅಪರಾಧವು ಆರೋಗ್ಯವಂತ ಸಮಾಜದ ಸಹಜ ಭಾಗ, ಅದಕ್ಕೊಂದು ಉಪಯೋಗವೂ ಉಂಟು ಎಂಬುದು ಆತನ ವಾದ.

ಉಪಯೋಗ ಯಾವುದು? ಕಳ್ಳತನ ನಡೆದಾಗ ಜನರು ಒಂದೆಡೆ ಸೇರುತ್ತಾರೆ, ಅದೇ ಮಾತನ್ನು ಮತ್ತೆ ಮತ್ತೆ ಆಡುತ್ತಾರೆ, ಒಟ್ಟಿಗೆ ಸಿಟ್ಟಾಗುತ್ತಾರೆ. ಹಾಗೆ ಸಿಟ್ಟಾಗುವಾಗ ತಾವೆಲ್ಲರೂ ಒಂದೇ ನಂಬಿಕೆಯವರೆಂಬುದು ಅವರಿಗೆ ಹೊಸದಾಗಿ ಅರಿವಾಗುತ್ತದೆ. ಡರ್ಖೀಮನ ಪ್ರಕಾರ ಶಿಕ್ಷೆಯ ಮುಖ್ಯ ಕೆಲಸ ಕಳ್ಳನನ್ನು ತಿದ್ದುವುದಲ್ಲ, ಕದಿಯದವರ ಮನಸ್ಸಾಕ್ಷಿಯನ್ನು ಗಟ್ಟಿಮಾಡುವುದು. ನಮ್ಮ ಜಗುಲಿಯಲ್ಲಿ ಕೊಡೆ ಹಿಡಿದು ನಿಂತವರನ್ನು ಆತ ನೋಡಿದ್ದರೆ, ನಾನು ಹೇಳಿದ್ದು ಇದನ್ನೇ ಅಲ್ಲವೇ ಎನ್ನುತ್ತಿದ್ದ.

ಅಪರಾಧ ಪೂರ್ತಿ ಇಲ್ಲವಾಗಲು ಸಾಧ್ಯವೇ ಇಲ್ಲ ಎನ್ನುವುದಕ್ಕೆ ಆತ ಕೊಟ್ಟ ಉದಾಹರಣೆ ನಮ್ಮಂಥವರಿಗೆ ಬಹಳ ಹಿಡಿಸುತ್ತದೆ. ಸಂತರೇ ತುಂಬಿದ ಒಂದು ಮಠವನ್ನು ಕಲ್ಪಿಸಿಕೊಳ್ಳಿ ಎನ್ನುತ್ತಾನೆ ಆತ. ಅಲ್ಲಿ ಕೊಲೆ, ಕಳವು ಇರುವುದಿಲ್ಲ, ನಿಜ. ಆದರೆ ಹೊರಗಿನವರು ಗಮನಿಸದೇ ಬಿಡುವ ಸಣ್ಣ ತಪ್ಪು ಅಲ್ಲಿ ಮಹಾಪರಾಧವಾಗುತ್ತದೆ. ಗುರುಮಠದಲ್ಲಿ ವರ್ಷಗಟ್ಟಲೆ ಕಳೆದ ನಮಗೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಮೌನದ ಹೊತ್ತಿನಲ್ಲಿ ಕ್ರಿಕೆಟ್ ಸ್ಕೋರ್ ಪಿಸುಗುಟ್ಟಿದ್ದಕ್ಕಾಗಿ ನಾವು ನಾಲ್ವರು ರೆಕ್ಟರರ ಕೋಣೆಯ ಮುಂದೆ ಸಾಲಾಗಿ ನಿಂತಿದ್ದೆವು. ಅಂದು ಸಹಪಾಠಿಗಳು ನಮ್ಮನ್ನು ನೋಡಿದ ನೋಟ ಕೊಲೆಗಾರರನ್ನು ನೋಡುವ ನೋಟವೇ ಆಗಿತ್ತು!

ಡರ್ಖೀಮ್ ಇನ್ನೊಂದು ಮಾತನ್ನೂ ಹೇಳಿದ. ಕೆಲವು ಅಪರಾಧಗಳು ನಾಳಿನ ನೀತಿಗೆ ದಾರಿ ಮಾಡುತ್ತವೆ. ಅಥೆನ್ಸಿನ ಕಾನೂನಿನಂತೆ ಸಾಕ್ರಟೀಸ್ ಅಪರಾಧಿ. ಆದರೆ ಮನುಷ್ಯ ಸ್ವತಂತ್ರವಾಗಿ ಯೋಚಿಸಬಹುದೆಂಬ ಹಾದಿ ತೆರೆದದ್ದು ಆ ಅಪರಾಧದಿಂದಲೇ. ಅಷ್ಟು ದೂರ ಹೋಗುವುದೂ ಬೇಡ. 1930ರ ಏಪ್ರಿಲ್ 6ರಂದು ದಾಂಡಿಯ ಕಡಲತಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿಕೊಂಡರು. ಒಂದು ವಾರದ ನಂತರ, ಏಪ್ರಿಲ್ 13ರಂದು, ನಮ್ಮ ಉತ್ತರ ಕನ್ನಡದ ಅಂಕೋಲೆಯಲ್ಲಿ ಜನರು ಅದೇ ಕೆಲಸ ಮಾಡಿದರು. ಅಂದಿನ ಕಾನೂನಿನ ಪುಸ್ತಕದಲ್ಲಿ ಅದು ಅಪರಾಧ. ಇಂದು ಅದೇ ಸಂಗತಿ ಶಾಲೆಯ ಪಠ್ಯದಲ್ಲಿದೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರು, ಫಾದರ್ ಕಳ್ಳರ ಪರ ವಕಾಲತ್ತು ಹಿಡಿದರೇ ಎಂದು ಕೇಳಬಹುದು. ಡರ್ಖೀಮನನ್ನೂ ಹೀಗೆಯೇ ಕೇಳಿದರು. ನ್ಯಾಯಾಧೀಶನಾಗಿ ಎಷ್ಟೋ ಅಪರಾಧಿಗಳನ್ನು ಕಣ್ಣಾರೆ ಕಂಡಿದ್ದ ಗಾಬ್ರಿಯೆಲ್ ತಾರ್ದ್ ಎಂಬ ಸಮಕಾಲೀನ ವಿದ್ವಾಂಸ 1895ರಲ್ಲೇ ಇದನ್ನು ಬಲವಾಗಿ ಖಂಡಿಸಿದ. ಡರ್ಖೀಮ್ ಅಪರಾಧವನ್ನು ಹೊಗಳಿರಲಿಲ್ಲ ಎಂಬುದೂ ನಿಜ. ನೋವು ದೇಹದ ಸಹಜ ಕ್ರಿಯೆಯಾದ ಮಾತ್ರಕ್ಕೆ ಯಾರೂ ನೋವನ್ನು ಬಯಸುವುದಿಲ್ಲ, ಅಪರಾಧವೂ ಹಾಗೆಯೇ ಎಂದು ಆತನೇ ಸ್ಪಷ್ಟಪಡಿಸಿದ್ದ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, ಅಮ್ಮಾ, ಇದರಿಂದ ಸಮಾಜ ಎಚ್ಚೆತ್ತುಕೊಂಡಿತು ಎಂದು ಹೇಳಲು ಯಾರಿಗೆ ನಾಲಿಗೆ ಏಳುತ್ತದೆ? 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದುದನ್ನು ಯಾರೂ ಮರೆತಿಲ್ಲ. ದೇಶದ ಊರೂರುಗಳಲ್ಲಿ ಜನ ಮೇಣದಬತ್ತಿ ಹಿಡಿದು ಬೀದಿಗೆ ಬಂದರು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿ ಜನರಿಂದ ಬಂದ ಸುಮಾರು 80,000 ಸಲಹೆಗಳನ್ನು ಪಡೆದು ಒಂದೇ ತಿಂಗಳಲ್ಲಿ, 2013ರ ಜನವರಿ 23ರಂದು, ವರದಿ ಕೊಟ್ಟಿತು. ಅದೇ ವರ್ಷ ಕಾನೂನು ಬದಲಾಯಿತು. ಹಿಂಬಾಲಿಸಿ ಕಾಡುವುದು, ಆಸಿಡ್ ಎರಚುವುದು ಬೇರೆ ಬೇರೆ ಅಪರಾಧಗಳಾಗಿ ಕಾನೂನಿನಲ್ಲಿ ಸೇರಿದವು. ಡರ್ಖೀಮನ ಲೆಕ್ಕದಲ್ಲಿ ಇದು ಅಪರಾಧದ ಉಪಯೋಗ. ನಮಗೆ ಹಾಗನಿಸುವುದಿಲ್ಲ. ಆ ಆರು ಮಂದಿ ಸಮಾಜಕ್ಕೆ ಏನನ್ನೂ ಕೊಡಲಿಲ್ಲ. ಕೊಟ್ಟವರು ಬೀದಿಗೆ ಬಂದ ವಿದ್ಯಾರ್ಥಿಗಳು, ನಿದ್ದೆಗೆಟ್ಟು ವರದಿ ಬರೆದ ಹಿರಿಯರು, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಯಲ್ಲಿ ಸಾವಿನೊಂದಿಗೆ ಹೋರಾಡುತ್ತಾ ಹೇಳಿಕೆ ಕೊಟ್ಟ ಆ ಹೆಣ್ಣುಮಗಳು. ಅಪರಾಧಕ್ಕೆ ಸಮಾಜ ಏನು ಉತ್ತರ ಕೊಡುತ್ತದೆಯೋ ಅದರಲ್ಲಿದೆ ಒಳಿತು. ಉತ್ತರ ಕೆಟ್ಟದ್ದಾದರೆ ಅಪರಾಧದಿಂದ ಇನ್ನೊಂದು ಕೇಡು ಹುಟ್ಟುತ್ತದೆ, ಅಷ್ಟೆ.

ಕೆಟ್ಟ ಉತ್ತರದ ಮಾತಿಗೆ ಬಂದೆವು. ಸಿಟ್ಟಿನಿಂದ ಒಂದಾದ ಸಮಾಜಕ್ಕೆ ಕೂಡಲೇ ಒಬ್ಬ ಮನುಷ್ಯ ಬೇಕಾಗುತ್ತಾನೆ. ಯಾರು ಮಾಡಿದರೆಂದು ತಿಳಿಯುವವರೆಗೆ ಕಾಯುವ ತಾಳ್ಮೆ ಆ ಸಿಟ್ಟಿಗಿಲ್ಲ. ಶುಭ ಶುಕ್ರವಾರ ನಾವು ಕೇಳುವ ಯಾತನೆಯ ಕಥನದಲ್ಲಿ ಇದು ಎಷ್ಟು ಸ್ಪಷ್ಟವಾಗಿದೆ ನೋಡಿ. ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಲೇಸು ಎಂದು ಪ್ರಧಾನ ಯಾಜಕ ಕಾಯಫ ಲೆಕ್ಕ ಹಾಕಿದ್ದನ್ನು ಸಂತ ಯೊವಾನ್ನರು ದಾಖಲಿಸಿದ್ದಾರೆ. ಸಂತ ಲೂಕರು ಬರೆದ ಇನ್ನೊಂದು ವಿವರವನ್ನು ನಾವು ಸಾಮಾನ್ಯವಾಗಿ ಗಮನಿಸದೆ ದಾಟುತ್ತೇವೆ: ಅದುವರೆಗೆ ವೈರಿಗಳಾಗಿದ್ದ ಹೆರೋದ, ಪಿಲಾತರು ಆ ದಿನ ಸ್ನೇಹಿತರಾದರು. ಒಬ್ಬ ಆರೋಪಿಯನ್ನು ಅತ್ತಿಂದಿತ್ತ ಕಳುಹಿಸಿದ್ದೇ ಅವರ ಗೆಳೆತನಕ್ಕೆ ಕಾರಣ. ಡರ್ಖೀಮ್ ಹೇಳಿದ ಒಗ್ಗಟ್ಟು ಇದೇ. ಬೇಲಿಯ ಜಗಳ ಮರೆತು ಒಂದೇ ಬೆಂಚಿನಲ್ಲಿ ಕುಳಿತ ಆ ಇಬ್ಬರು ಯಜಮಾನರ ನೆನಪು ನಮಗೆ ಈಗ ಸ್ವಲ್ಪ ಕಸಿವಿಸಿ ತರುತ್ತದೆ.

ಅಮೆರಿಕದ ಕೈ ಎರಿಕ್ಸನ್ ಎಂಬ ವಿದ್ವಾಂಸರು 1966ರಲ್ಲಿ ಬರೆದ ಪುಸ್ತಕದಲ್ಲಿ ಮ್ಯಾಸಚೂಸೆಟ್ಸಿನ ಹಳೆಯ ಪ್ಯೂರಿಟನ್ ವಸಾಹತಿನ ಕಡತಗಳನ್ನು ಹೀಗೆಯೇ ಪರಿಶೀಲಿಸಿದ್ದಾರೆ. ಬಹಳ ಭಕ್ತ ಜನ, ಹೆಚ್ಚುಕಡಿಮೆ ಡರ್ಖೀಮ್ ಹೇಳಿದ ಸಂತರ ಮಠ. ತಾವು ಯಾರು, ತಮ್ಮ ದಾರಿ ಯಾವುದು ಎಂಬ ಗೊಂದಲ ಉಂಟಾದಾಗಲೆಲ್ಲ ಆ ಸಮುದಾಯ ಹೊಸ ಅಪರಾಧಿಗಳನ್ನು ಕಂಡುಹಿಡಿಯಿತು. ಒಮ್ಮೆ ಕ್ವೇಕರ್ ಪಂಥದವರನ್ನು, ಕೊನೆಗೆ 1692ರಲ್ಲಿ ಸೇಲಂನ ‘ಮಾಟಗಾತಿ’ಯರನ್ನು. ಆ ಒಂದು ವರ್ಷದಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬರೂ ಮಾಟ ಮಾಡಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮನುಷ್ಯ ನಿಜವಾಗಿ ಅಪರಾಧ ಮಾಡುವುದು ಏಕೆ? ರಕ್ತದಲ್ಲೇ ಬಂದಿದೆ ಎಂಬ ಉತ್ತರ ನಮ್ಮ ಜನರ ಬಾಯಲ್ಲಿ ಸದಾ ಸಿದ್ಧವಾಗಿರುತ್ತದೆ. ಇದಕ್ಕೆ ವಿಜ್ಞಾನದ ವೇಷ ತೊಡಿಸಿದವನು ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ. ಕಳ್ಳನೊಬ್ಬನ ತಲೆಬುರುಡೆಯಲ್ಲಿ ಅಸಹಜವಾದ ಒಂದು ಗುಳಿಯನ್ನು ಕಂಡ ಈತ, ಹುಟ್ಟು ಅಪರಾಧಿಗಳನ್ನು ದವಡೆ, ಹಣೆ, ಕಿವಿಗಳಿಂದ ಗುರುತಿಸಬಹುದೆಂದು 1876ರಲ್ಲಿ ಪುಸ್ತಕ ಬರೆದ. ಇಂಗ್ಲೆಂಡಿನ ಸೆರೆಮನೆ ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3000 ಕೈದಿಗಳನ್ನು ಅಳತೆ ಮಾಡಿ, ವಿದ್ಯಾರ್ಥಿಗಳು ಮತ್ತು ಸೈನಿಕರೊಂದಿಗೆ ಹೋಲಿಸಿ, ಅಂಥ ಯಾವ ದೇಹಲಕ್ಷಣವೂ ಇಲ್ಲವೆಂದು 1913ರಲ್ಲಿ ತೋರಿಸಿಕೊಟ್ಟ. ಪಾಪ, ಲೊಂಬ್ರೊಸೊ ತನ್ನ ಅಸ್ಥಿಪಂಜರವನ್ನೂ ವಿಜ್ಞಾನಕ್ಕೇ ಬಿಟ್ಟುಹೋದ. ಅದು ಇಂದಿಗೂ ತೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿ, ಆತ ಕೂಡಿಹಾಕಿದ ಅಪರಾಧಿಗಳ ಬುರುಡೆಗಳ ಜೊತೆಯಲ್ಲೇ ಇದೆ.

ನಮ್ಮ ದೇಶದಲ್ಲಿ ಈ ವಿಚಾರ ಪುಸ್ತಕದಲ್ಲಿ ಉಳಿಯಲಿಲ್ಲ, ಕಾನೂನೇ ಆಯಿತು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆ, ಇಲ್ಲಿ ಎಲ್ಲವೂ ಜಾತಿಯಿಂದಲೇ ಬರುತ್ತದೆ ಎಂದು ವಾದಿಸಿ ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಆ ಜಾತಿಯಲ್ಲಿ ಹುಟ್ಟಿದರೆ ಸಾಕು, ಪೊಲೀಸರ ಪಟ್ಟಿಯಲ್ಲಿ ಹೆಸರು. ಕರೆದಾಗ ಹಾಜರಿ ಹಾಕಬೇಕು, ಊರು ಬಿಡಲು ಪಾಸು ಬೇಕು. ಮುಂದಿನ ತಿದ್ದುಪಡಿಗಳು ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸುವುದಕ್ಕೂ ಅವಕಾಶ ಕೊಟ್ಟವು. ಅಂದಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಇವರನ್ನು ಇಡಲು ಬೇಲಿ ಹಾಕಿದ ವಸತಿಗಳನ್ನು ಮಾಡಿದರು. ‘ಸೆಟ್ಲಮೆಂಟ್’ ಎಂಬ ಹೆಸರು ಆ ಊರುಗಳಲ್ಲಿ ಈಗಲೂ ಇದೆ. ಆ ಕಡೆಯ ಓದುಗರು ಅಲ್ಲಿ ನೂರು ಸಲ ಓಡಾಡಿರಬಹುದು, ಹೆಸರಿನ ಹಿಂದಿನ ಕಥೆ ತಿಳಿದವರು ಕಡಿಮೆ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆದರೆ ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ’ ಎಂಬ ಹೆಸರು ಇಂದಿಗೂ ಇದೆ. ಮಗುವನ್ನು ಶಾಲೆಗೆ ಸೇರಿಸುವಾಗ ಜಾತಿಯ ಕಾಲಂನಲ್ಲಿ ‘ಚೋರ’ ಎಂದು ಬರೆಸಬೇಕಾದ ತಂದೆಯ ಸಂಕಟ ಎಂಥದು? ಕೆಲವು ರಾಜ್ಯಗಳ ಸೆರೆಮನೆ ಕೈಪಿಡಿಗಳಲ್ಲಿ ಈ ಸಮುದಾಯಗಳ ಬಗ್ಗೆ ಉಳಿದಿದ್ದ ಹಳೆಯ ಪಕ್ಷಪಾತದ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು, ಅಂದರೆ ಕಾಯ್ದೆ ಹೋಗಿ 72 ವರ್ಷಗಳಾದ ಮೇಲೆ.

ಬಡತನವೇ ಕಾರಣ ಎನ್ನುವುದು ಎರಡನೆಯ ಉತ್ತರ. ಇದರಲ್ಲಿ ಸತ್ಯಾಂಶ ಇದೆ, ಆದರೆ ಅರ್ಧ ಮಾತ್ರ. ನಮ್ಮ ಧರ್ಮಕೇಂದ್ರದ ಅತ್ಯಂತ ಬಡ ಮನೆಗಳಲ್ಲಿ, ಬಿದ್ದ ಹತ್ತು ರೂಪಾಯಿಯನ್ನು ತಂದು ಕೊಡುವ ಅಜ್ಜಿಯರಿದ್ದಾರೆ. ರಾಬರ್ಟ್ ಮರ್ಟನ್ 1938ರಲ್ಲಿ ಬರೆದ ಪ್ರಬಂಧ ಈ ಒಗಟನ್ನು ಸ್ವಲ್ಪ ಬಿಡಿಸುತ್ತದೆ. ಬರಿಯ ಬಡತನವಲ್ಲ, ಎಲ್ಲರ ಮುಂದೆಯೂ ಒಂದೇ ಆಸೆಯನ್ನಿಟ್ಟು ಅದನ್ನು ತಲುಪುವ ದಾರಿಯನ್ನು ಕೆಲವರಿಗಷ್ಟೇ ತೆರೆದಿಡುವುದು ಜನರನ್ನು ಅಡ್ಡದಾರಿಗೆ ತಳ್ಳುತ್ತದೆ ಎಂದು ಆತ ಹೇಳಿದ. ದುಬಾರಿ ಬೈಕಿನ ಜಾಹೀರಾತು ಸಿರಿವಂತರ ಮನೆಯ ಹುಡುಗನಿಗೂ ಕೂಲಿಯವನ ಮಗನಿಗೂ ಒಂದೇ. ಶೋರೂಮಿನ ಬಾಗಿಲು ಮಾತ್ರ ಒಂದೇ ಅಲ್ಲ. ಮರುವರ್ಷವೇ ಎಡ್ವಿನ್ ಸದರ್‌ಲ್ಯಾಂಡ್ ಇನ್ನೊಂದು ಮಗ್ಗುಲನ್ನು ಎತ್ತಿ ತೋರಿಸಿದ. ಬಡತನವೇ ಕಾರಣವಾದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟವರು ದೊಡ್ಡ ಕಂಪನಿಗಳಲ್ಲಿ ಕುಳಿತು ಮಾಡುವ ಮೋಸಕ್ಕೆ ಏನು ಕಾರಣ? ಅಪರಾಧವನ್ನೂ ಜನ ಕಸುಬಿನಂತೆ, ಹತ್ತಿರದವರಿಂದ ಕಲಿಯುತ್ತಾರೆ ಎಂಬುದು ಆತನ ನಿಲುವು. ಕೈಚಳಕವನ್ನಷ್ಟೇ ಅಲ್ಲ, ‘ಎಲ್ಲರೂ ಮಾಡುತ್ತಾರೆ’ ಎಂಬ ಸಮರ್ಥನೆಯನ್ನೂ ಕಲಿಯುತ್ತಾರೆ.

ಇದನ್ನು ಓದುವಾಗ ನಮಗೆ ಸಂತ ಅಗಸ್ಟೀನರು ನೆನಪಾಗುತ್ತಾರೆ. ತಮ್ಮ ಆತ್ಮಕಥೆಯ ಎರಡನೆಯ ಭಾಗದಲ್ಲಿ ಅವರು ಹದಿನಾರನೆಯ ವಯಸ್ಸಿನ ಒಂದು ಕಳ್ಳತನವನ್ನು ಪುಟಗಟ್ಟಲೆ ಪರೀಕ್ಷಿಸುತ್ತಾರೆ. ರಾತ್ರಿಯಲ್ಲಿ ಗೆಳೆಯರೊಂದಿಗೆ ನೆರೆಯವರ ಮರದ ಪೇರಳೆ ಹಣ್ಣುಗಳನ್ನು ಕಿತ್ತರು. ಹಸಿವಿರಲಿಲ್ಲ. ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಹಣ್ಣಿತ್ತು. ಕಿತ್ತದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಮತ್ತೇಕೆ ಕದ್ದೆ ಎಂದು ತಮ್ಮನ್ನೇ ಕೇಳಿಕೊಂಡು, ತಪ್ಪು ಮಾಡುವ ಖುಷಿಗಾಗಿ ಎಂದು ಒಪ್ಪಿಕೊಳ್ಳುತ್ತಾರೆ, ಒಬ್ಬನೇ ಇದ್ದಿದ್ದರೆ ಖಂಡಿತ ಮಾಡುತ್ತಿರಲಿಲ್ಲ ಎಂದೂ ಸೇರಿಸುತ್ತಾರೆ. ಸದರ್‌ಲ್ಯಾಂಡ್ ಹುಟ್ಟುವುದಕ್ಕೆ ಸುಮಾರು 1500 ವರ್ಷ ಮೊದಲು ಬರೆದದ್ದು ಇದು. ಹದಿನಾರರ ಹುಡುಗ, ರಾತ್ರಿಯ ಹೊತ್ತು, ಜೊತೆಗೆ ನಾಲ್ಕು ಗೆಳೆಯರು. ಮಕ್ಕಳಿರುವ ತಂದೆತಾಯಿಯರೇ, ನೀವು ಇದಕ್ಕಿಂತ ಹೆಚ್ಚು ತಿಳಿದವರು.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹೆಚ್ಚು ತಟ್ಟಿದ್ದು ಬಾಸ್ಟನ್ ನಗರದ ಹುಡುಗರ ಅಧ್ಯಯನ. ಶೆಲ್ಡನ್ ಮತ್ತು ಎಲಿನರ್ ಗ್ಲುಕ್ ಎಂಬ ದಂಪತಿ, ಸುಧಾರಣಾ ಶಾಲೆಗೆ ಹೋಗಿದ್ದ 500 ಹುಡುಗರನ್ನು, ಅಂಥದ್ದೇ ಬಡ ಬಡಾವಣೆಗಳ, ತಪ್ಪು ದಾರಿಗೆ ಇಳಿಯದ ಇನ್ನೂ 500 ಹುಡುಗರನ್ನು ವರ್ಷಗಟ್ಟಲೆ ಹಿಂಬಾಲಿಸಿ, 1950ರಲ್ಲಿ ಮೊದಲ ಪುಸ್ತಕ ಹೊರತಂದರು. ಮನೆಯಲ್ಲಿ ಒಮ್ಮೆ ಬಡಿತ, ಒಮ್ಮೆ ಉದಾಸೀನ, ನೋಡಿಕೊಳ್ಳುವವರಿಲ್ಲ, ಶಾಲೆಯ ನಂಟು ಸಡಿಲ. ಇಂಥ ಹುಡುಗರು ಬೇಗ ಜಾರಿದ್ದರು. ಆ ಕಾಗದಗಳು ಹಾರ್ವರ್ಡ್ ಕಾನೂನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅವನ್ನು ತೆಗೆದು ಓದಿದರು. ಆಮೇಲೆ ಆ ಹುಡುಗರಲ್ಲಿ ಬದುಕಿದ್ದ 52 ಮಂದಿಯನ್ನು, ಈಗ ಎಪ್ಪತ್ತರ ಸುಮಾರಿನ ಮುದುಕರನ್ನು, ಹುಡುಕಿ ಮಾತನಾಡಿಸಿದರು. ಬಾಲ್ಯ ಎಷ್ಟೇ ಕೆಟ್ಟಿದ್ದರೂ, ಯಾವ ಹುಡುಗ ದೊಡ್ಡವನಾಗಿ ಯಾವ ದಾರಿ ಹಿಡಿಯುತ್ತಾನೆಂದು ಬಾಲ್ಯ ನೋಡಿ ಹೇಳಲು ಅವರಿಗೆ ಆಗಲಿಲ್ಲ. ಅಪರಾಧ ಬಿಟ್ಟವರನ್ನು ಏಕೆ ಬಿಟ್ಟಿರಿ ಎಂದು ಕೇಳಿದರೆ ಬಂದ ಉತ್ತರಗಳು ಬಹಳ ಸಾಮಾನ್ಯವಾದವು. ಒಂದು ಸ್ಥಿರವಾದ ಕೆಲಸ, ಒಳ್ಳೆಯ ದಾಂಪತ್ಯ, ಹಳೆಯ ಓಣಿಯಿಂದ ದೂರ ಒಯ್ದ ಸೇನೆಯ ನೌಕರಿ. ಹೊತ್ತಿಗೆ ಸರಿಯಾಗಿ ಬರಬೇಕಾದ ಒಂದು ಜಾಗ, ಬಾರದಿದ್ದರೆ ‘ಎಲ್ಲಿ ಹೋದ?’ ಎಂದು ಕೇಳುವ ಒಬ್ಬ ಮನುಷ್ಯ. ಬದುಕಿನ ದಿಕ್ಕು ಬದಲಾದದ್ದು ಹೆಚ್ಚಾಗಿ ಇಷ್ಟರಿಂದ.

ನಮ್ಮ ಸೆರೆಮನೆಗಳನ್ನು ನೆನೆದರೆ ಈ ಮಾತು ಚುಚ್ಚುತ್ತದೆ. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ ಸುಮಾರು 5.73 ಲಕ್ಷ ಜನರಿದ್ದರು. ಅವರಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ನಾಲ್ಕರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ತಪಸ್ಸುಕಾಲದಲ್ಲಿ ಯುವಕರನ್ನು ಕರೆದುಕೊಂಡು ಕಾರಾಗೃಹಕ್ಕೆ ಹೋದಾಗ ನಮ್ಮನ್ನು ಮಾತನಾಡಿಸಿದವರಲ್ಲಿ ಹೆಚ್ಚಿನವರು ಇಂಥವರೇ. ಅವರು ಕೇಳುವುದು ಪ್ರಾರ್ಥನೆಯನ್ನಲ್ಲ, ಜಾಮೀನಿಗೆ ಯಾರಾದರೂ ನಿಲ್ಲುತ್ತಾರೆಯೇ ಎಂದು. ಕೆಲಸವನ್ನೂ ಮನೆಯನ್ನೂ ಕಡಿದುಹಾಕಿ ಕೂಡಿಹಾಕುವುದೆಂದರೆ, ಮನುಷ್ಯನನ್ನು ಹಿಡಿದು ನಿಲ್ಲಿಸುವ ಆ ಎರಡು ಹಗ್ಗಗಳನ್ನೇ ಕತ್ತರಿಸಿದಂತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನುಗಳಲ್ಲಿ ಒಂದೆರಡು ಒಳ್ಳೆಯ ಅಂಶಗಳಿವೆ. ಮರಣದಂಡನೆ, ಜೀವಾವಧಿಯಂಥ ಶಿಕ್ಷೆಯ ಪ್ರಕರಣಗಳನ್ನು ಬಿಟ್ಟು, ಮೊದಲ ಸಲ ಆರೋಪಕ್ಕೆ ಒಳಗಾದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಅವನನ್ನು ಬಿಡಬಹುದು. 5000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳವಿಗೆ, ಮೊದಲ ತಪ್ಪಾಗಿದ್ದು ಕದ್ದದ್ದನ್ನು ಹಿಂದಿರುಗಿಸಿದರೆ, ಸೆರೆವಾಸದ ಬದಲು ಸಮುದಾಯ ಸೇವೆ. ಇದನ್ನು ನಮ್ಮ ಜನ ತಿಳಿದಿರಬೇಕು.

ಒಳ್ಳೆಯ ಉತ್ತರ ಎಂದರೇನೆಂಬುದಕ್ಕೆ ನಮ್ಮ ಕಾಲದ್ದೇ ಒಂದು ಸಾಕ್ಷಿ ಇದೆ. ಮಧ್ಯಪ್ರದೇಶದ ಇಂದೋರ್ ಕಡೆಯಲ್ಲಿ ಆದಿವಾಸಿ ರೈತರನ್ನು ಬಡ್ಡಿ ಸಾಲದಿಂದ ಬಿಡಿಸಲು ದುಡಿಯುತ್ತಿದ್ದ ಭಗಿನಿ ರಾಣಿ ಮರಿಯ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಇರಿದು ಕೊಂದರು. ಕೊಂದವನು ಬಾಡಿಗೆಯ ಆಳು. ಕೇಡಿನ ಬೇರು ಇದ್ದದ್ದು ಅವನ ರಕ್ತದಲ್ಲಲ್ಲ, ಅವನನ್ನು ಕಳುಹಿಸಿದವರ ಬಡ್ಡಿ ಲೆಕ್ಕದಲ್ಲಿ. ಸತ್ತವರ ತಂಗಿ, ಅವರೂ ಒಬ್ಬ ಧಾರ್ಮಿಕ ಭಗಿನಿ, 2002ರಲ್ಲಿ ಸೆರೆಮನೆಗೆ ಹೋಗಿ ಆ ಮನುಷ್ಯನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೆ ಕುಟುಂಬವೇ ಒಪ್ಪಿಗೆ ಕೊಟ್ಟಿತು. 2006ರಲ್ಲಿ ಹೊರಬಂದ ಅವನು ಹಳೆಯ ದಾರಿಗೆ ಮರಳಲಿಲ್ಲ. 2017ರ ನವೆಂಬರ್ 4ರಂದು ರಾಣಿ ಮರಿಯ ಅವರನ್ನು ಇಂದೋರಿನಲ್ಲಿ ಧನ್ಯರೆಂದು ಘೋಷಿಸಲಾಯಿತು. ಇದನ್ನು ನಾವು ಪೀಠದಿಂದ ಎಷ್ಟೋ ಸಲ ಹೇಳಿದ್ದೇವೆ. ಹೇಳುವುದು ಸುಲಭ.

ಈಗ ಆ ಸಭೆಯಲ್ಲಿ ಹೊರಬಂದ ಹೆಸರಿನ ವಿಷಯ. ಹೆಸರನ್ನು ಬರೆಯುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ. ತಂದೆ ಕುಡಿದು ಕುಡಿದು ತೀರಿಹೋದವರು. ಹದಿನೈದನೆಯ ವಯಸ್ಸಿನಲ್ಲಿ ದೊಡ್ಡ ಹುಡುಗರ ಜೊತೆ ಸೇರಿ ಬೈಕ್ ಕದ್ದ ಪ್ರಕರಣದಲ್ಲಿ ಸಿಕ್ಕಿ ಮೂರು ತಿಂಗಳು ವೀಕ್ಷಣಾಲಯದಲ್ಲಿದ್ದ. ಆಮೇಲೆ ಐಟಿಐ ಮುಗಿಸಿ ಎಲೆಕ್ಟ್ರಿಷಿಯನ್ ಆದ. ಐದು ವರ್ಷಗಳಿಂದ ಹಬ್ಬಕ್ಕೆ ದೇವಾಲಯದ ಗೋಪುರದ ತನಕ ದೀಪದ ಸರ ಕಟ್ಟುತ್ತಿದ್ದವನು ಅವನೇ. ಒಂದು ರೂಪಾಯಿ ಕೇಳಿದವನಲ್ಲ, ಊಟ ಹಾಕಿಸಿದರೆ ಸಾಕು. ಆ ವಾರವೂ ರಾತ್ರಿ ಒಂಬತ್ತರವರೆಗೆ ಏಣಿಯ ಮೇಲಿದ್ದ. ‘ರಾತ್ರಿ ಹೊತ್ತು ದೇವಾಲಯದ ಹತ್ತಿರ ಇದ್ದವನು ಇನ್ನಾರು? ಹಳೆಯ ಕೇಸು ಬೇರೆ ಇದೆಯಲ್ಲ, ಫಾದರ್’ ಎಂದರು ಯಾರೋ. ಯಾರೂ ಇಲ್ಲವೆನ್ನಲಿಲ್ಲ. ನಾವೂ ಎನ್ನಲಿಲ್ಲ. ಅಷ್ಟು ಜನ ಒಂದಾಗಿ ಕುಳಿತಿದ್ದಾಗ ಆ ಒಗ್ಗಟ್ಟನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದು ಅಂದು ನಮಗೆ ನಾವೇ ಹೇಳಿಕೊಂಡೆವು. ಬಾಸ್ಟನ್ನಿನ ಹುಡುಗರ ಕಥೆ ಓದಿದ್ದವರು ನಾವು! ಆ ಹುಡುಗನನ್ನು ಹಿಡಿದು ನಿಲ್ಲಿಸಿದ್ದು ಕೆಲಸ ಮತ್ತು ಈ ದೇವಾಲಯದ ಅಂಗಳ. ಎರಡನ್ನೂ ಒಂದು ಸಂಜೆಯಲ್ಲಿ ಅವನಿಂದ ಕಿತ್ತುಕೊಂಡೆವು.

ಪೊಲೀಸರು ಅವನನ್ನು ಕರೆದೊಯ್ದು ಮರುದಿನ ಬಿಟ್ಟರು. ಅವನ ಬಳಿ ಏನೂ ಸಿಗಲಿಲ್ಲ. ಒಡೆದ ರಾತ್ರಿ ಅವನು ಹತ್ತು ಗಂಟೆಯ ಬಸ್ಸಿಗೆ ಪಕ್ಕದ ತಾಲ್ಲೂಕಿಗೆ ಮದುವೆಮನೆಯ ಲೈಟಿಂಗ್ ಕೆಲಸಕ್ಕೆ ಹೋಗಿದ್ದನೆಂದು ಮದುವೆಮನೆಯವರೇ ಹೇಳಿದರು. ಕೇಳಿದ್ದರೆ ಅವರು ನಮಗೂ ಹೇಳುತ್ತಿದ್ದರು. ಪೆಟ್ಟಿಗೆ ಒಡೆದವರು ಯಾರೆಂಬುದು ಇಂದಿಗೂ ತಿಳಿದಿಲ್ಲ. ಕ್ಯಾಮೆರಾ ಬಂತು, ರಾತ್ರಿ ಕಾವಲು ಎರಡು ವಾರ ನಡೆದು ನಿಂತಿತು. ಬೇಲಿಯ ಜಗಳ ಮಳೆಗಾಲ ಮುಗಿಯುವ ಮೊದಲೇ ಮತ್ತೆ ಶುರುವಾಯಿತು. ಗೋಪುರದ ಅರ್ಧದವರೆಗೆ ಕಟ್ಟಿದ್ದ ದೀಪಗಳು ಹಾಗೆಯೇ ಇದ್ದವು, ಹಬ್ಬವನ್ನು ಅಷ್ಟರಲ್ಲೇ ಮಾಡಿದೆವು.

ಹಬ್ಬದ ನಂತರದ ಭಾನುವಾರ ಬಲಿಪೂಜೆಯಲ್ಲಿ, ಆ ಹುಡುಗನ ವಿಷಯದಲ್ಲಿ ತಪ್ಪು ಮಾಡಿದೆವು, ಮೊದಲ ತಪ್ಪು ನಮ್ಮದು ಎಂದು ಹೇಳಿದೆವು. ದೇವಾಲಯದಲ್ಲಿ ಸದ್ದಿರಲಿಲ್ಲ. ಮೂರು ಮನೆಯವರು ಹೊರಗೆ ಬಂದು ಕೈ ಹಿಡಿದುಕೊಂಡರು. ಒಬ್ಬ ಹಿರಿಯರು, ‘ಇದನ್ನೆಲ್ಲ ಪೀಠದಿಂದ ಹೇಳಬಾರದಿತ್ತು’ ಎಂದರು. ಸಂಜೆ ಅವನ ಮನೆಗೆ ಹೋದೆವು. ಅವನು ಬೆಂಗಳೂರಿಗೆ ಹೋಗಿಯಾಗಿತ್ತು. ತಾಯಿ ಚಹಾ ಮಾಡಿಕೊಟ್ಟರು. ದೂರಲಿಲ್ಲ. ‘ಅವನ ಏಣಿ ನಿಮ್ಮಲ್ಲೇ ಉಳಿದಿದೆ ಫಾದರ್, ಯಾರಾದರೂ ಈ ಕಡೆ ಬಂದರೆ ಕಳುಹಿಸಿ’ ಎಂದಷ್ಟೇ ಹೇಳಿದರು.

ಏಣಿಯನ್ನು ಮರುದಿನ ಉಪದೇಶಿಯವರೊಂದಿಗೆ ನಾವೇ ಹೊತ್ತುಕೊಂಡು ಹೋಗಿ ಕೊಟ್ಟೆವು. ಹುಡುಗನಿಗೆ ಆಗಾಗ ಫೋನ್ ಮಾಡುತ್ತೇವೆ. ಮೊದಲ ನಾಲ್ಕೈದು ಸಲ ಎತ್ತಲಿಲ್ಲ. ಕಳೆದ ತಿಂಗಳು ಎತ್ತಿದ. ಒಂದು ಕಟ್ಟಡದ ವೈರಿಂಗ್ ಕೆಲಸ ಸಿಕ್ಕಿದೆಯಂತೆ, ಊಟ ವಸತಿ ಪರವಾಗಿಲ್ಲವಂತೆ. ಮಾತು ಮುಗಿಸುವ ಮುಂಚೆ, ಈ ಸಲ ಹಬ್ಬಕ್ಕೆ ಲೈಟ್ ಯಾರು ಕಟ್ಟುತ್ತಾರೆ ಎಂದು ಕೇಳಿದ. ಇನ್ನೂ ಯಾರಿಗೂ ಹೇಳಿಲ್ಲ ಎಂದೆವು. ಮೇಸ್ತ್ರಿ ರಜೆ ಕೊಡುತ್ತಾರೋ ಇಲ್ಲವೋ ನೋಡಬೇಕು ಎಂದು ಹೇಳಿ ಫೋನ್ ಇಟ್ಟ.